ಇಂಗ್ಲಿಷಿನಲ್ಲೇ ಬರಿ ಎಂದವಳು

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಬಿ.ಎ. ಕೊನೆಯ ವರ್ಷದ ಪ್ರತಿಯೊಬ್ಬಳಿಗೂ ಮೊದಲ ವರ್ಷದ ಒಬ್ಬ ಹುಡುಗಿಯನ್ನು ಗಂಟುಹಾಕುತ್ತಿದ್ದರು. ಲೈಬ್ರರಿ ಎಲ್ಲಿದೆ, ಯಾವ ಮೇಡಂ ಹಾಜರಿಯ ವಿಷಯದಲ್ಲಿ ಕಟ್ಟುನಿಟ್ಟು, ನೋಟ್ಸ್ ಹೇಗೆ ಮಾಡಿಕೊಳ್ಳಬೇಕು, ಎಲ್ಲವನ್ನೂ ಹೇಳಿಕೊಡಬೇಕು. ವಾರಕ್ಕೆ ಮೂರು ದಿನ ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಪಾಠವನ್ನೂ ಮಾಡಬೇಕು. ಅದು ತೊಂಬತ್ತರ ದಶಕದ ಕೊನೆ, ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಕಾಲೇಜು. ನನ್ನ ಪಾಲಿಗೆ ಬಂದವಳು ಕೆ.ಆರ್. ಪುರದ ಆಚೆಗಿನ ಹಳ್ಳಿಯವಳು. ಎರಡು ಬಸ್ಸು ಬದಲಿಸಿ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ನಡೆದು ಬರುತ್ತಿದ್ದಳು.

ಮೊದಲ ದಿನವೇ ಹೇಳಿದಳು: "ಅಕ್ಕ, ನಾನು ಒಂದೇ ಸಲಕ್ಕೆ ಪಾಸಾಗ್ಬೇಕು. ಒಂದ್ ಸಬ್ಜೆಕ್ಟ್ ಹೋದ್ರೂ ಕಾಲೇಜ್ ಬಿಡಿಸ್ತೀನಿ ಅಂದಿದಾರೆ ನಮ್ಮಪ್ಪ. ನಮ್ಮನೇಲಿ ಡಿಗ್ರಿಗೆ ಬಂದಿರೋ ಮೊದಲ್ನೇ ಹುಡುಗಿ ನಾನು."

"ಬಿಡೇ, ನಾನಿದೀನಲ್ಲ," ಅಂದೆ. ಏನು ಜಂಬ ನನಗೆ, ಥೂ!

ಆ ಜಂಬ ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. ಅಪ್ಪನಿಗೆ ಧಾರವಾಡದಿಂದ ವರ್ಗವಾಗಿ ನಾವು ಜೋಗುಪಾಳ್ಯಕ್ಕೆ ಬಂದವರು. ನಾನು ಕಾಲೇಜಿಗೆ ಸೇರಿದ ಹೊಸತರಲ್ಲಿ "ಹೌದ್ರಿ, ಬರ್ತೇನ್ರಿ" ಅಂದಾಗೆಲ್ಲ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ತಮ್ಮತಮ್ಮಲ್ಲಿ ತಮಿಳು, ಉರ್ದು ಏನು ಬೇಕಾದರೂ ಆಡುತ್ತಿದ್ದರು, ನನ್ನ ಕನ್ನಡ ಮಾತ್ರ ಅವರಿಗೆ ತಮಾಷೆ. ಹಟ ಹಿಡಿದು ಇಂಗ್ಲಿಷ್ ಕಲಿತೆ. ಮನೆಯ ಮಾತನ್ನು ಹೊಸಿಲಲ್ಲೇ ಬಿಟ್ಟು ಬರುವುದನ್ನೂ ಕಲಿತೆ. ಆ ಹುಡುಗಿಗೂ ಇದನ್ನೇ ಕಲಿಸಿದರೆ ದೊಡ್ಡ ಉಪಕಾರ ಅಂತ ನಾನು ಮನಸಾರೆ ನಂಬಿದ್ದೆ.

ಅವಳೋ, ಪಾದರಸದಂಥ ಹುಡುಗಿ. ಒಂದು ದಿನ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಅರ್ಥಶಾಸ್ತ್ರದ ಪಾಠ ಮಾಡುತ್ತಿದ್ದೆ. ಬೆಲೆ ಏರಿದರೆ ಕೆಲವು ವಸ್ತುಗಳ ಬೇಡಿಕೆ ಬಿದ್ದುಹೋಗುತ್ತದೆ, ಕೆಲವುಗಳದ್ದು ಅಲ್ಲಾಡುವುದಿಲ್ಲ ಅಂತ ಪುಸ್ತಕ ನೋಡಿಕೊಂಡು ಇಂಗ್ಲಿಷಿನಲ್ಲಿ ಒದರುತ್ತಿದ್ದೆ. ಅವಳು ಥಟ್ಟನೆ ಅಂದಳು: "ಅಯ್ಯೋ, ಇಷ್ಟೇನಾ ಅಕ್ಕ? ಸೇವಂತಿಗೆ ರೇಟ್ ಏರಿದ್ರೆ ಜನ ಎರಡ್ ಮೊಳ ತಗೊಳೋ ಕಡೆ ಒಂದ್ ಮೊಳ ತಗೋತಾರೆ. ಹಾಲಿನ ರೇಟ್ ಏರಿದ್ರೆ? ಮಗು ಇರೋ ಮನೇಲಿ ಬೈಕೊಂಡಾದ್ರೂ ತಗೋಳೇಬೇಕಲ್ಲ?"

ಎರಡು ವರ್ಷ ಉರುಹೊಡೆದು ಪಾಸಾಗಿದ್ದ ನನಗೆ ಆ ಪಾಠ ನಿಜವಾಗಿ ಅರ್ಥವಾದದ್ದು ಅವತ್ತು. ಹಾಗಂತ ಅವಳಿಗೆ ಹೇಳಿದೆನಾ? ಇಲ್ಲ. "ಸರಿ, ಇದನ್ನೇ ಇಂಗ್ಲಿಷಲ್ಲಿ ಹೇಳು ನೋಡೋಣ," ಅಂದೆ. ಅವಳ ಮುಖ ಸಪ್ಪಗಾಯಿತು.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅವಳು ಹೆದರುತ್ತ ಕೇಳಿದಳು: "ಅಕ್ಕ, ಕನ್ನಡದಲ್ಲಿ ಬರೆದ್ರೆ ಆಗಲ್ವಾ?"

"ಆಗತ್ತೋ ಇಲ್ವೋ, ಅದಲ್ಲ ಕಣೇ ಮಾತು. ನಮ್ ಕಾಲೇಜಲ್ಲಿ ಯಾರೂ ಹಂಗೆ ಬರಿಯಲ್ಲ. ನೀನು ಬರೆದ್ರೆ ನನ್ ಮರ್ಯಾದೆ ಹೋಗತ್ತೆ. ಸುಮ್ನೆ ಬೈಹಾರ್ಟ್ ಮಾಡು."

ಮಾಡಿದಳು ಪಾಪ. ಬಸ್ಸಿನಲ್ಲಿ, ಕೊಟ್ಟಿಗೆಯಲ್ಲಿ, ಎಲ್ಲೆಂದರಲ್ಲಿ ನನ್ನ ನೋಟ್ಸ್ ಬಾಯಿಪಾಠ ಮಾಡಿದಳು. ಫಲಿತಾಂಶ ಬಂದಾಗ ನಾನು ಫಸ್ಟ್ ಕ್ಲಾಸ್. ಅವಳಿಗೆ ಅರ್ಥಶಾಸ್ತ್ರವೂ ಇತಿಹಾಸವೂ ಹೋಗಿದ್ದವು.

ಕಾಲೇಜಿನತ್ತ ಅವಳು ಮತ್ತೆ ಸುಳಿಯಲಿಲ್ಲ. ತಡೆಯಲಾರದೆ ಒಂದು ಭಾನುವಾರ ಹುಡುಕಿಕೊಂಡು ಅವಳ ಮನೆಗೇ ಹೋದೆ. ಅವಳ ಅಪ್ಪ ನಾನು ಅಂದುಕೊಂಡಂತೆ ಗುಡುಗುವ ಮನುಷ್ಯನಲ್ಲ. ತಾವೇ ಕುರ್ಚಿ ಎಳೆದು ಹಾಕಿದರು. ಅವಳು ಕಾಫಿ ತಂದುಕೊಟ್ಟು ಬಾಗಿಲ ಪಕ್ಕ ನಿಂತಳು. ಇನ್ನೊಂದು ಸಲ ಪರೀಕ್ಷೆ ಕಟ್ಟಿಸಿ ಅಂತ ನಾನು ಕೇಳಿಕೊಂಡೆ.

"ನೋಡಮ್ಮ, ನಾನೇನ್ ಕಟುಕ ಅಲ್ಲ," ಅಂದರು. "ತಲೆ ಇದ್ರೆ ಓದಿಸ್ತೀನಿ, ಬಿಡಿಸ್ತೀನಿ ಅಂದ ಮಾತು ತಪ್ಪಿದ್ರೂ ಚಿಂತೆಯಿಲ್ಲ. ವರ್ಷವೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ನೋಡ್ದೋಳು ನೀನು. ನಿಜ ಹೇಳ್ಬಿಡು. ಓದು ಹತ್ತುತ್ತಾ ಇವ್ಳಿಗೆ?"

ನನ್ನ ಹತ್ತಿರ ಉತ್ತರವಿತ್ತು. ನನಗಿಂತ ಚೆನ್ನಾಗಿ ಹತ್ತುತ್ತೆ, ಕೆಡಿಸಿದವಳು ನಾನು ಅನ್ನಬೇಕಿತ್ತು. ಫಸ್ಟ್ ಕ್ಲಾಸ್ ಬಂದವಳ ಬಾಯಿಂದ ಅದು ಹೊರಡಲಿಲ್ಲ.

"ಇಂಗ್ಲಿಷ್ ಸ್ವಲ್ಪ ವೀಕು ಅಂಕಲ್," ಅಂದೆ. "ನಾನೂ ಎಷ್ಟೋ ಟ್ರೈ ಮಾಡ್ದೆ."

ಅವರು ನಿಧಾನವಾಗಿ ತಲೆಯಾಡಿಸಿದರು. "ಹೋಗ್ಲಿ ಬಿಡಮ್ಮ. ಅಷ್ಟು ದೂರದಿಂದ ಬಂದ್ಯಲ್ಲ, ಊಟ ಮಾಡ್ಕೊಂಡು ಹೋಗು." ನಾನು ಊಟಕ್ಕೆ ನಿಲ್ಲಲಿಲ್ಲ.

ಬಸ್ ಸ್ಟಾಪಿನವರೆಗೆ ಅವಳು ಜೊತೆಗೆ ಬಂದಳು. ದಾರಿಯುದ್ದಕ್ಕೂ ನನಗೆ ತಲೆಯೆತ್ತಲಾಗಲಿಲ್ಲ. ಅವಳೇ ಮಾತು ತೆಗೆದಳು.

"ಕ್ವೆಶ್ಚನ್ ಪೇಪರ್ ಮೇಲೇ ಇತ್ತು ಅಕ್ಕ, ಕನ್ನಡದಲ್ಲೂ ಬರೀಬೋದು ಅಂತ. ಇಂಗ್ಲಿಷಲ್ಲಿ ಮೊದಲ್ನೇ ಸಾಲೇ ಮರ್ತೋಯ್ತು. ಅದಕ್ಕೇ ಕನ್ನಡದಲ್ಲಿ ಎರಡ್ ಪುಟ ಬರ್ದುಬಿಟ್ಟೆ. ಆಮೇಲೆ ಪೂರ್ತಿ ಹೊಡೆದ್ಹಾಕ್ದೆ."

"ಯಾಕೇ?" ಅಂದೆ.

"ನಿಮ್ ಮರ್ಯಾದೆ ಹೋಗತ್ತೆ ಅಂದಿದ್ರಲ್ಲ ಅಕ್ಕ."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಾಗೆ ಅನ್ನಲಿಲ್ಲ. ಪ್ರಶ್ನೆಪತ್ರಿಕೆಯ ಆ ಸೂಚನೆಯನ್ನು ಮೂರು ವರ್ಷ ನಾನೂ ಓದಿದ್ದೆ, ಬರೀಬಹುದು ಅಂತ ನನಗೆ ಗೊತ್ತಿತ್ತು. ತಿರುಗಿ ನೋಡಿದರೆ ಅವಳ ಮನೆ ಇನ್ನೂ ಕಾಣಿಸುತ್ತಿತ್ತು. ಅವಳ ಅಪ್ಪ ಜಗಲಿಯ ಮೇಲೆಯೇ ನಿಂತಿದ್ದರು. ಹಿಂದಕ್ಕೆ ಹೋಗಿ ಒಂದು ಮಾತು ಹೇಳಲು ಐದು ನಿಮಿಷ ಸಾಕಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು. ನನಗೋಸ್ಕರ ಅವಳೇ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಾನು ಹತ್ತಿಬಿಟ್ಟೆ.