ದೂರು ಮುಗಿಯಿತು ಎಂದರೆ ಯಾವಾಗ?

ಬೈರಿದೇವರಕೊಪ್ಪದ ಮಹೆಕ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿ ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆ, ಕಾಲೇಜು, ಸಹಕಾರಿ ಬ್ಯಾಂಕುಗಳ ಕಂಪ್ಯೂಟರ್ ವಿಭಾಗಗಳನ್ನು ಹೋಲಿಸಿ ವರದಿ ಕೊಡುತ್ತಿತ್ತು. ಯಾರು ಬೇಗ ದುರಸ್ತಿ ಮಾಡುತ್ತಾರೆ, ಯಾರು ತಡಮಾಡುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಈ ಸಲ ಮಹೆಕ ಸಿದ್ಧಪಡಿಸಿದ ವರದಿಯಲ್ಲಿ ಧಾರವಾಡದ ಒಂದು ಆಸ್ಪತ್ರೆ ಎಲ್ಲರಿಗಿಂತ ಕೆಳಗೆ ಬಿತ್ತು.

ಸ್ವಲ್ಪ ದಿನಕ್ಕೆ ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಉಮಾಶ್ರೀ ಬಂದು ಅವಳೆದುರು ಕುಳಿತರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಿಮ್ಮ ವರದಿ ನೋಡಿ ನಮ್ಮ ವಿಭಾಗ ಮುಚ್ಚತಾರಂತ. ಒಂದು ಹೇಳವಾ, ದೂರು ಮುಗೀತು ಅಂತ ನೀವು ಯಾವಾಗ ಹಿಡೀತೀರಿ?”

“ನೀವೆಲ್ಲಾ ‘ಮುಗೀತು’ ಅಂತ ಬರದು ಕಳಿಸಿದ ಹೊತ್ತನ್ನ ಹಿಡದೇವ್ರಿ ಮೇಡಂ.”

“ನರ್ಸ್ ‘ಸರಿ ಆತು’ ಅಂದಮ್ಯಾಲೆ ನಾವು ಮುಗಸ್ತೇವಿ. ಉಳದವ್ರು?”

ಮಹೆಕ ಅದನ್ನು ಯಾರನ್ನೂ ಕೇಳಿರಲಿಲ್ಲ. ಅಂದೇ ಎಲ್ಲರಿಗೂ ಫೋನ್ ಹಚ್ಚಿದಳು. ಒಂದು ಬ್ಯಾಂಕಿನಲ್ಲಿ ಯಾರಾದರೂ ದೂರನ್ನು ಕೈಗೆತ್ತಿಕೊಂಡರೆ ಸಾಕು, ಮುಗಿದಂತೆ. ಒಂದು ಕಾಲೇಜಿನಲ್ಲಿ ಸಂಜೆ ಬಾಗಿಲು ಹಾಕುವಾಗ ಎಲ್ಲವೂ ಮುಗಿದಂತೆ. ಅವಳು ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿಬಿಟ್ಟಿದ್ದಳು.

ವರದಿ ವಾಪಸ್ ಪಡೆಯೋಣ ಎಂದಾಗ ಮಾಲೀಕ ಶಶಿಕುಮಾರ ಮುಖ ಗಂಟಿಕ್ಕಿದರು. “ಹೆಸರು ಕೆಡತೈತಿ. ಮುಂದಿನ ವರ್ಷ ಸರಿ ಮಾಡಿದ್ರಾತು.”

“ಮುಂದಿನ ವರ್ಷ ಆ ವಿಭಾಗಾನ ಇರೂದಿಲ್ರಿ ಸರ್. ವರದಿ ತಪ್ಪಾಗೇತಿ ಅನ್ನೋ ಪತ್ರ ನನ್ನ ಹೆಸರ್ಲೇ ಹೋಗ್ಲಿ.”

ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಕಂಪ್ಯೂಟರಿನವರು ಆಂಟಾಲಜಿ ಎನ್ನುವ ಕೆಲಸಕ್ಕೆ ಮಹೆಕ ಕೈಹಾಕಿದಳು. ಪ್ರತಿ ಪದದ ಅರ್ಥವೇನು, ಅದಕ್ಕೂ ಬೇರೆ ಪದಗಳಿಗೂ ಏನು ನಂಟು ಎಂಬುದನ್ನು ಯಂತ್ರಕ್ಕೂ ತಿಳಿಯುವಂತೆ ಬರೆದಿಡುವ ಕೆಲಸವದು. ದೂರು ಕೈಗೆತ್ತಿಕೊಂಡದ್ದು, ದುರಸ್ತಿಯಾದದ್ದು, ದೂರಿದವರು ಒಪ್ಪಿದ್ದು ಎಂದು ಬೇರೆ ಬೇರೆ ಮಾಡಿ, ಯಾರ ‘ಮುಗಿಯಿತು’ ಯಾವುದಕ್ಕೆ ಸೇರುತ್ತದೆಂದು ಕೇಳಲು ಸ್ಕೂಟರ್ ಹತ್ತಿ ಹೊರಟಳು.

ಕೈಗೆತ್ತಿಕೊಂಡರೆ ಮುಗಿಯಿತು ಎನ್ನುವ ಆ ಬ್ಯಾಂಕಿನ ಮ್ಯಾನೇಜರ್ ನೀಲಕಂಠಪ್ಪ ಮೊದಲ ಸಲ ಹೊರಗೇ ಕೂರಿಸಿ ಕಳಿಸಿದರು. ಮತ್ತೆ ಹೋದಳು. “ನಮ್ಮ ಲೆಕ್ಕ ನಾವ್ಯಾಕ ಬದಲಸಬೇಕು?” ಎಂದರು.

“ಬದಲಸಬ್ಯಾಡ್ರಿ. ನಿಮ್ಮಲ್ಲಿ ‘ಮುಗೀತು’ ಅಂದ್ರ ಏನರ್ಥ ಅಂತ ಅಷ್ಟ ಹೇಳ್ರಿ. ಜೋಡ್ಸೂದು ನಮ್ಮ ಕೆಲಸ.”

ಅವರು ಕೊನೆಗೂ ಹೇಳಿದರು. ದುರಸ್ತಿಯಾದ ಹೊತ್ತು ಎಲ್ಲರ ಕಂಪ್ಯೂಟರಿನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದ್ದೇ ಇತ್ತು. ಅದನ್ನೇ ಹಿಡಿದು ಹೋಲಿಸಿದಾಗ ಆಸ್ಪತ್ರೆ ಮೇಲಿನ ಸಾಲಿಗೆ ಬಂತು, ಬ್ಯಾಂಕು ಕೆಳಗಿಳಿಯಿತು. ನೀಲಕಂಠಪ್ಪ ಇನ್ನು ಮುಂದೆ ಮಾಹಿತಿ ಕೊಡುವುದಿಲ್ಲ ಎಂದು ಖಡಕ್ಕಾಗಿ ತಿಳಿಸಿದರು.

“ಸದ್ಯಕ್ಕ ಉಳದೇವಿ ನೋಡವಾ,” ಎಂದು ಉಮಾಶ್ರೀ ಫೋನ್ ಮಾಡಿದರು.

“ಛಲೋ ಆತ್ರಿ ಮೇಡಂ. ಪುರುಸೊತ್ತಿದ್ರ ಇನ್ನೊಂದು ಹೇಳ್ರಿ, ಸರ್ವರ್ ಅಂದ್ರ ನೀವು ಯಾವ್ಯಾವನ್ನ ಎಣಸ್ತೀರಿ?”