ಮಾಲತಿ ಅತ್ತೆಯ ಸ್ಕಾರ್ಬರೋ

ಆಗೆಲ್ಲ ನಮ್ಮ ಗಲ್ಲಿಗೆ ಚಳಿಗಾಲ ಬರುತ್ತಿದ್ದುದು ಮೂಗಿನ ದಾರಿಯಲ್ಲೇ. ಮೂಲೆಯಲ್ಲಿ ಮುರುಕು ಕುರ್ಚಿ, ಹಳೇ ಟಯರು ಒಟ್ಟಿ ಬೆಂಕಿ ಕಾಯಿಸುವವರ ಹೊಗೆ, ಕುಲ್ಹಡ್ ಎಂಬ ಮಣ್ಣಿನ ಲೋಟದ ವಾಸನೆಯೊಂದಿಗೆ ಬೆರೆತ ಶುಂಠಿ ಚಹಾ, ಟ್ರಂಕಿನಿಂದ ಹೊರಬಂದ ರಜಾಯಿಯ ನುಸಿಗುಳಿಗೆ. ಬನಾರಸಿನ ಸೋನಾರ್‌ಪುರದ ದೊಡ್ಡ ರಸ್ತೆಗೆ ಬ್ಯಾಟರಿ ರಿಕ್ಷಾಗಳು ಹೊಸದಾಗಿ ಬಂದಿದ್ದ ಕಾಲ. ಆ ರಸ್ತೆಯಿಂದ ಘಾಟಿನ ಕಡೆಗೆ ಇಳಿಯುವ ಗಲ್ಲಿಯೊಂದರಲ್ಲಿ, ಹಳೇ ಮನೆಯ ನಡುವಿನ ಮಹಡಿಯಲ್ಲಿ ನಾವಿದ್ದೆವು. ಅಪ್ಪ ದಾವಣಗೆರೆಯವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೃಷಿ ಪಾಠ ಹೇಳುತ್ತಿದ್ದರು. ನಾನು ಹುಟ್ಟಿದ್ದೇ ಇಲ್ಲಿ. ನನ್ನ ಕನ್ನಡ ಎಂದರೆ ಊಟಕ್ಕೆ ಬಾ, ಸ್ವೆಟರ್ ಹಾಕ್ಕೋ, ಬಾಗಿಲು ಹಾಕು ಎನ್ನುವಷ್ಟಕ್ಕೆ ಸಾಲುವ ಕನ್ನಡ. ಜಗಳ, ಆಟ, ಗುಟ್ಟು ಎಲ್ಲ ಹಿಂದಿಯಲ್ಲಿ.

ನನಗೆ ಹನ್ನೊಂದು ವರ್ಷವಾಗಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ, ಮೇಲಿನ ಮಹಡಿಗೆ ಮಾಲತಿ ಅತ್ತೆ ಬಾಡಿಗೆಗೆ ಬಂದರು. ಸಂಬಂಧದಲ್ಲಿ ಏನೂ ಅಲ್ಲ. ಧಾರವಾಡದ ಕಡೆಯವರು, ಡಾಕ್ಟರು, ಬಹಳ ವರ್ಷ ಇಂಗ್ಲೆಂಡಿನಲ್ಲಿದ್ದು, ವರ್ಷದ ಹಿಂದೆ ದೇಶಕ್ಕೆ ಮರಳಿ, ಈಗ ಇಲ್ಲಿನ ವೈದ್ಯಕೀಯ ಕಾಲೇಜಿಗೆ ಸೇರಿದ್ದರು. ಜಂಗಮವಾಡಿಯ ಮಠದಲ್ಲಿ ಹಬ್ಬದ ಊಟಕ್ಕೆ ಸೇರಿದ್ದಾಗ ಅಪ್ಪನಿಗೆ ಸಿಕ್ಕಿ, ಮನೆ ಕೇಳಿದ್ದರು. ಬಂದ ಮೊದಲ ಸಂಜೆಯೇ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು:

“ಏನವಾ, ಘಾಟಿಗೆ ದಾರಿ ತೋರಸ್ತಿಯೇನು? ಮ್ಯಾಪ್ ನೋಡಕೋತ ಹೋದ್ರ ಗ್ವಾಡಿಗೆ ಹಾಯ್ತೀನಿ ನಾನು.”

ಅಂದಿನಿಂದ ಅವರಿಗೆ ಬನಾರಸ್ ತೋರಿಸುವ ಕೆಲಸ ನನ್ನದಾಯಿತು. ಕಿರಿದಾದ ಗಲ್ಲಿಯಲ್ಲಿ ಗೂಳಿ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಗೋಡೆಗೆ ಬೆನ್ನು ಹಚ್ಚಿ ಅದೇ ನಮ್ಮನ್ನು ದಾಟಲಿ ಎಂದು ನಿಲ್ಲಬೇಕು ಎಂದು ಕಲಿಸಿದೆ. ವಿಶ್ವನಾಥ ಗಲ್ಲಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಕೂಗುವ ಬಳೆ ಅಂಗಡಿಯವನ ಹತ್ತಿರ ನಾವು ಇಲ್ಲಿಯವರೆಂದು ಹಿಂದಿಯಲ್ಲೇ ಶುರುಮಾಡಬೇಕು ಎಂದೆ. ಚಳಿ ಬಿದ್ದ ಮೇಲೆ ಮಲಯ್ಯೋ ತಿನ್ನಿಸಿದೆ. ಇಬ್ಬನಿಯಲ್ಲಿಟ್ಟ ಹಾಲನ್ನು ಕಡೆದು ತೆಗೆದ ಕೇಸರಿ ನೊರೆ ಅದು, ಬಾಯಿಗಿಟ್ಟರೆ ಏನೂ ಇಲ್ಲದಂತೆ ಕರಗಿ ಸಿಹಿಯಷ್ಟೇ ಉಳಿಯುತ್ತದೆ. ಬಿಸಿಲೇರುವ ಮೊದಲೇ ತಿನ್ನಬೇಕು. ಅತ್ತೆ ಮೂಗಿಗೆ ಮೆತ್ತಿಕೊಂಡು, “ಇದೇನ ಮಾಯಾನೋ ತಿಂಡಿಯೋ!” ಎಂದು ಇನ್ನೊಂದು ಕುಲ್ಹಡ್ ಕೇಳಿದ್ದರು.

ಅದಕ್ಕೆ ಬದಲಾಗಿ ಅವರು ನನಗೆ ಸ್ಕಾರ್ಬರೋ ತೋರಿಸಿದರು. ಅವರು ಇಂಗ್ಲೆಂಡಿನಲ್ಲಿದ್ದ ಊರು ಅದು, ಸಮುದ್ರದ ದಂಡೆಯದು. ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತು, ತಮ್ಮ ಶಾಲಿನ ಅರ್ಧ ನನಗೆ ಹೊದಿಸಿ, ಒದ್ದೆ ಬೆರಳಿನಿಂದ ಕಲ್ಲಿನ ಮೇಲೆ ಊರು ಬರೆಯುತ್ತಿದ್ದರು. ನಡುವೆ ಗುಡ್ಡ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ, ಅದರ ಎಡಕ್ಕೊಂದು ಬಲಕ್ಕೊಂದು ಕೊಲ್ಲಿ.

“ಸ್ಟೇಶನ್ನಿಂದ ಇಳದಕೂಡ್ಲೆ ಸಮುದ್ರ ಕಾಣಂಗಿಲ್ಲ. ಗಡಿಬಿಡಿ ಮಾಡಬ್ಯಾಡ. ಇಳಕಲ ರಸ್ತಾ ಹಿಡದು ಸುಮ್ನ ನಡಿ. ಮೊದಲ ವಿನೆಗರಿನ ವಾಸನಿ ಬರ್ತದ, ಆಮ್ಯಾಲೆ ಉಪ್ಪಿನ ಗಾಳಿ, ಆಮ್ಯಾಲೆ ಒಮ್ಮಿಗೇ ಸಮುದ್ರ.”

ಅಲ್ಲಿ ಸಮುದ್ರ ದಿನವೂ ಹಿಂದೆ ಸರಿದು ಹೋಗುತ್ತಿತ್ತು, ಬಂದರಿನ ದೋಣಿಗಳು ಕೆಸರಿನಲ್ಲಿ ಒಂದು ಮಗ್ಗುಲಿಗೆ ಮಲಗುತ್ತಿದ್ದವು, ಮತ್ತೆ ನೀರು ಬಂದು ಎಬ್ಬಿಸುತ್ತಿತ್ತು. ವರ್ಷಕ್ಕೊಮ್ಮೆ ಏರಿ ತಿಂಗಳುಗಟ್ಟಲೆ ಮೆಟ್ಟಿಲು ನುಂಗಿ ಕೂರುವ ಗಂಗೆಯನ್ನು ಕಂಡ ನನಗೆ ಅದನ್ನು ನಂಬಲು ಬಹಳ ದಿನ ಬೇಕಾಯಿತು. ಮಳೆ ಸುರಿಯುತ್ತಿದ್ದರೂ ಜನ ಕಾರು ತಂದು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ಗಾಜು ಏರಿಸಿಕೊಂಡು ಒಳಗೇ ಚಹಾ ಕುಡಿಯುತ್ತಿದ್ದರಂತೆ. ಗುಲಾಬಿ ಬಣ್ಣದ ಸಕ್ಕರೆ ಕಡ್ಡಿಯನ್ನು ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು ಇರುತ್ತಿತ್ತಂತೆ. ಕಡಲ ಹಕ್ಕಿಗಳು ಕೈಯಿಂದಲೇ ವಿನೆಗರ್ ಚಿಮುಕಿಸಿದ ಕರಿದ ಆಲೂಗಡ್ಡೆ ಕಸಿಯುವುದರಿಂದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ತಿನ್ನಬೇಕಂತೆ.

“ನಮ್ಮ ಗೂಳಿ ಥರಾನೇ!” ಎಂದಿದ್ದೆ ನಾನು.

“ಹೌದಲ್ಲ! ಎಲ್ಲಾ ಊರಾಗೂ ಗ್ವಾಡೀನೇ ಗತಿ,” ಎಂದು ಅತ್ತೆ ನಕ್ಕಿದ್ದರು.

ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಕತ್ತೆಗಳು. ಮರಳಿನ ಮೇಲೆ ಮಕ್ಕಳನ್ನು ಹೊತ್ತು ತಿರುಗುವ ಕತ್ತೆಗಳಿಗೆ ಹಣೆಪಟ್ಟಿಯಲ್ಲಿ ಹೆಸರಿತ್ತು. ಅವುಗಳಲ್ಲಿ ಬಾರ್ನಿ ಎಂಬುದು, ಮೇಲೆ ಕೂತವರು ಹಾಡು ಹೇಳದಿದ್ದರೆ ಹೆಜ್ಜೆ ಇಡುತ್ತಿರಲಿಲ್ಲ. ಆ ಹಾಡನ್ನೂ ಅತ್ತೆ ಕಲಿಸಿಕೊಟ್ಟಿದ್ದರು, ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಪದಗಳ ಹಾಡು. ಶಾಲೆಗೆ ಹೋಗುವಾಗ ಅದನ್ನು ಗುನುಗುತ್ತಿದ್ದೆ.

“ಬರೂ ಬ್ಯಾಸಿಗಿಗೆ ನಿನ್ನ ಕರಕೊಂಡು ಹೋಗ್ತೀನಿ ನೋಡು,” ಎಂದರು ಒಂದು ಸಂಜೆ. “ಬಾರ್ನಿ ಮ್ಯಾಲೆ ಕೂಡ್ರಸ್ತೀನಿ.”

“ಖರೇನಾ ಅತ್ತೆ?” ಅವರ ಮಾತು ನನ್ನ ನಾಲಿಗೆಗೂ ಹತ್ತಿತ್ತು.

“ಖರೇನ ಅಲ್ಲದ ಸುಳ್ಳ ಹೇಳ್ತೀನೇನು?”

ಮನೆಗೆ ಓಡಿ ಹೇಳಿದೆ. ಅಪ್ಪ ಪೇಪರಿನಿಂದ ತಲೆಯೆತ್ತದೆ “ನೋಡೋಣ” ಎಂದರು. ಅಮ್ಮ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಜೋಡಿಸಿದಳು. ನಾನು ಶಾಲೆಯಲ್ಲಿ ಎಲ್ಲರಿಗೂ ಸಾರಿದೆ. ಟೀಚರಿಗೂ ಹೇಳಿದೆ. ಅವರು ಎಲ್ಲರೆದುರು ಭೂಪಟದಲ್ಲಿ ಆ ಊರು ಹುಡುಕಿಸಿದರು, ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟರು.

ಡಿಸೆಂಬರಿನಲ್ಲಿ ಗಂಗೆಯ ಮೇಲೆ ಬಿಳಿ ಹಕ್ಕಿಗಳು ಬಂದಿಳಿದವು. ಇಲ್ಲಿಯವರು ಅವನ್ನು ಸೈಬೀರಿಯನ್ ಎನ್ನುತ್ತಾರೆ. ಅತ್ತೆಗೆ ಅವನ್ನು ತೋರಿಸಬೇಕೆಂದು ಮಹಡಿ ಹತ್ತಿ ಹೋದರೆ, ಅವರು ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದರು.

“ಗೌರಿ, ನಾಳೆ ಬಾಬತ್‌ಪುರ ಏರ್‌ಪೋರ್ಟಿಗೆ ನನ್ನ ಜೋಡಿ ಬರ್ತಿಯೇನು? ಮೀರಾ ಬರ್ತಾಳ.”

“ಯಾರು ಮೀರಾ?”

“ನನ್ನ ಮಗಳು,” ಎಂದರು ಅತ್ತೆ, ಹಾಲಿನವನು ನಾಳೆ ತಡವಾಗಿ ಬರುತ್ತಾನಂತೆ ಎನ್ನುವ ದನಿಯಲ್ಲಿ. “ನಿನ್ನ ವಾರಗಿಯಾಕಿ.”

ಕೆಳಗಿಳಿದು ಬಂದು ಅಮ್ಮನನ್ನು ಕೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದಳು.

“ಅತ್ತೆಗೆ ಮಗಳಿದಾಳೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಗಂಡ ಹೆಂಡತಿ ಬೇರೆ ಆಗಿದಾರೆ. ಮಗು ಅಪ್ಪನ ಜೊತೆ ಅಲ್ಲೇ ಇದೆ.”

“ಅಪ್ಪಂಗೂ ಗೊತ್ತಾ?”

“ಎಲ್ಲರಿಗೂ ಗೊತ್ತು ಕಣೇ. ನಿಂಗೆ ಹೇಳೋ ಸಂಗತಿ ಏನು ಅದು?”

ಎಲ್ಲರಿಗೂ ಗೊತ್ತಿತ್ತು. ಶಾಲಿನ ಅರ್ಧ ಹೊದ್ದು ಕೂತಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ.

ಮಂಜಿನಿಂದ ವಿಮಾನ ಬಹಳ ತಡವಾಯಿತು. ಏರ್‌ಲೈನಿನ ಹೆಂಗಸೊಬ್ಬಳು ಮೀರಾಳ ಕೈಹಿಡಿದು ಹೊರಗೆ ತಂದಳು. ನನಗಿಂತ ಎತ್ತರ, ಗಿಡ್ಡ ಕೂದಲು, ಹಳದಿ ಕೋಟು. ಅತ್ತೆ ಓಡಿಹೋಗಿ ಅಪ್ಪಿಕೊಂಡರು. ಮೀರಾಳ ಕೈಗಳು ಪಕ್ಕದಲ್ಲಿ ಹಾಗೇ ಇಳಿಬಿದ್ದಿದ್ದವು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನನ್ನದು ಶಾಲೆಯ ಇಂಗ್ಲಿಷ್, ಪುಸ್ತಕದ ಹಾಗೆ ನಿಂತು ನಿಂತು ಬರುವಂಥದ್ದು.

ಮರುದಿನದಿಂದ ಅತ್ತೆ ಅವಳಿಗೆ ಊರು ತೋರಿಸಲು ಹೊರಟರು, ನನ್ನನ್ನೂ ಕರೆದರು. ಗಲ್ಲಿಯಲ್ಲಿ ಗೂಳಿ ಬಂದಾಗ ಅತ್ತೆ ಮೀರಾಳನ್ನು ಗೋಡೆಗೆ ಒತ್ತಿ, ಕಣ್ಣಲ್ಲಿ ಕಣ್ಣಿಡಬೇಡ ಎಂದರು. ಮಲಯ್ಯೋ ಕೊಡಿಸುತ್ತ, ಬಿಸಿಲೇರಿದರೆ ಇದು ಸತ್ತುಹೋಗುತ್ತದೆ, ತಾವು ಬಂದ ಹೊಸತರಲ್ಲೇ ಕಂಡುಹಿಡಿದ ಅಂಗಡಿ ಇದು ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಮ್ಮೆಯಾದರೂ ನನ್ನ ಕಡೆ ನೋಡಿ, ಇವಳು ತೋರಿಸಿದ್ದು ಎನ್ನುತ್ತಾರೇನೋ ಎಂದು ಕಾದೆ. ಅವರು ಮೀರಾಳ ಮುಖವನ್ನೇ ನೋಡುತ್ತಿದ್ದರು. ಮೀರಾ ಒಂದು ಚಮಚ ತಿಂದು ಸಾಕೆಂದಳು.

ಒಂದು ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂದಾಗ ದೋಣಿಗೆ ಹೋದೆವು. ದೋಣಿ ನಡೆಸುವ ಮಲ್ಲಾಹ ಹಕ್ಕಿಗಳಿಗೆ ಹಾಕಲು ಸೇವಿನ ಪೊಟ್ಟಣ ಕೊಟ್ಟು, “ಆಓ, ಆಓ” ಎಂದು ಕೂಗಿದ್ದೇ ಹಕ್ಕಿಗಳು ಬಿಳಿಯ ಗದ್ದಲವಾಗಿ ನಮ್ಮನ್ನು ಸುತ್ತಿಕೊಂಡವು. ಅತ್ತೆ ಮುಂದಿನ ತುದಿಯಲ್ಲಿ ನಿಂತು ಸೇವು ಎರಚುತ್ತ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಮೀರಾ ಮತ್ತು ನಾನು ಹಿಂದೆ ಕೂತಿದ್ದೆವು. ಅವಳು ಮಾತಾಡದೇ ಇದ್ದುದರಿಂದ, ಅವಳ ಊರು ನನಗೂ ಗೊತ್ತೆಂದು ತೋರಿಸುವ ಆಸೆಯಾಯಿತು.

“ನಿಮ್ಮಲ್ಲಿ ಪೊಟ್ಟಣ ಎದೆಗೆ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ತಿನ್ನಬೇಕು ಅಲ್ವಾ?” ಎಂದೆ ನನ್ನ ಇಂಗ್ಲಿಷಿನಲ್ಲಿ. ಅವಳು ತಿರುಗಿ ನೋಡಿದಳು. ನಾನು ಬಾರ್ನಿಯ ಹಾಡು ಹೇಳಿದೆ, ಪೂರ್ತಿ.

ಮೀರಾಳ ಮುಖ ಕೆಂಪಾಯಿತು.

“ಅದನ್ನ ನಿನಗೆ ಯಾರು ಹೇಳಿದರು?”

“ಅತ್ತೆ.”

“ಅದು ನನ್ನ ಹಾಡು. ನಾನು ಸಣ್ಣವಳಿದ್ದಾಗ ಕಟ್ಟಿದ್ದು. ಅಮ್ಮನಿಗೆ, ನನಗೆ ಮಾತ್ರ ಗೊತ್ತಿದ್ದದ್ದು. ಬಾರ್ನಿ ಈಗ ಇಲ್ಲ. ನಾನು ಈಗ ಸಮುದ್ರದ ಕಡೆಗೇ ಹೋಗುವುದಿಲ್ಲ. ಅಮ್ಮ ಫೋನ್ ಮಾಡಿದಾಗಲೆಲ್ಲ, ಬರುವ ಬೇಸಿಗೆಗೆ ವಾಪಸ್ ಬರ್ತೀನಿ, ಇಬ್ಬರೂ ಹೋಗೋಣ ಅಂತಾಳೆ. ಹೋದ ಬೇಸಿಗೆಗೂ ಹಾಗೇ ಹೇಳಿದ್ದಳು. ನಾನು ಅಪ್ಪನ ಜೊತೆ ಸ್ಟೇಶನ್ನಿಗೆ ಹೋಗಿ ಕಾದಿದ್ದೆ.”

ಬರುವ ಬೇಸಿಗೆ. ನನಗೆ ಕೊಟ್ಟಿದ್ದೂ ಅದನ್ನೇ. ದೋಣಿ ಅಲ್ಲಾಡುತ್ತಿದ್ದರೂ ಎದ್ದು ನಿಂತೆ.

“ಅತ್ತೆ, ಬ್ಯಾಸಿಗಿಗೆ ಯಾರನ್ನ ಕರಕೊಂಡು ಹೋಗ್ತೀರಿ?”

ಅವರು ತಿರುಗಿದರು. ನಗು ಇನ್ನೂ ಮುಖದ ಮೇಲಿತ್ತು.

“ಏನವಾ?”

“ಸ್ಕಾರ್ಬರೋಗೆ. ಕರಕೊಂಡು ಹೋಗ್ತೀನಿ ಅಂದಿದ್ರಲ್ಲ. ನನ್ನನ್ನಾ, ಮೀರಾನ್ನಾ?”

ಅವರ ಕೈಯಲ್ಲಿದ್ದ ಪೊಟ್ಟಣವನ್ನು ಹಕ್ಕಿಯೊಂದು ಕುಕ್ಕಿತು, ಸೇವೆಲ್ಲ ನೀರಿಗೆ ಚೆಲ್ಲಿತು. ಮಲ್ಲಾಹ ಹುಟ್ಟು ಹಾಕುವುದನ್ನು ನಿಲ್ಲಿಸಿದ್ದ. ಅತ್ತೆ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಆಚೆ ದಡದ ಮರಳಿನ ಕಡೆ ನೋಡಿದರು.

“ಹಂಗಂದಿದ್ನೇನು? ಮಾತಿಗೆ ಅಂದಿರಬೇಕವಾ.”

ಮಾತಿಗೆ. ಅವರ ಬಾಯಲ್ಲಿ ಅದು ಎಷ್ಟು ಮೃದುವಾಗಿ ಬಂತೆಂದರೆ, ಅಳು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮೀರಾ ನನ್ನ ತೋಳು ಹಿಡಿದು ಜಗ್ಗಿದಳು. “ಏನಂದಳು? ನಿನ್ನ ಭಾಷೆಯಲ್ಲಿ ಏನಂದಳು?”

ನಾನು ಇಂಗ್ಲಿಷಿಗೆ ತಂದೆ. “ಸುಮ್ಮನೆ ಹೇಳಬೇಕಂತ ಹೇಳಿದೆ, ಅಂದರು.”

ಅದು ನನಗೆ ಕೊಟ್ಟ ಮಾತಿನ ಬಗ್ಗೆ ಬಂದ ಉತ್ತರ. ಆದರೆ ಮೀರಾ ಅದನ್ನು ತನ್ನದೆಂದೇ ತೆಗೆದುಕೊಂಡಳು. ಅವಳು ತಲೆಯಾಡಿಸಿದಳು, ಬಹಳ ದಿನದಿಂದ ಗೊತ್ತಿದ್ದುದನ್ನು ಕೊನೆಗೂ ಯಾರೋ ಬಾಯಿಬಿಟ್ಟು ಹೇಳಿದಂತೆ. ಹಳದಿ ಕೋಟಿನ ಟೋಪಿ ಎಳೆದುಕೊಂಡು ಮುಖ ಮುಚ್ಚಿಕೊಂಡಳು. ನಾನು ಪಕ್ಕದಲ್ಲಿ ಕೂತೆ. ದಡ ಮುಟ್ಟುವ ತನಕ ಅವಳು ನನ್ನ ತೋಳು ಬಿಡಲಿಲ್ಲ. ಅತ್ತೆ ನಮಗೆ ಬೆನ್ನು ಮಾಡಿ ನಿಂತೇ ಇದ್ದರು. ಅವರ ಭುಜ ಅಲುಗುತ್ತಿದ್ದುದು ಚಳಿಗೋ, ದೋಣಿಗೋ, ಬೇರೆ ಯಾವುದಕ್ಕೋ ನನಗೆ ಗೊತ್ತಾಗಲಿಲ್ಲ.

ಮೀರಾ ಸಂಕ್ರಾಂತಿಗೆ ಮೊದಲೇ ಹೋದಳು. ಹೋಗುವಾಗ ತನ್ನ ಅಮ್ಮನಿಗೆ ಕೆನ್ನೆ ಕೊಟ್ಟಳು, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಮಠದಲ್ಲಿ ಎಳ್ಳು ಬೀರುವ ದಿನ ಅತ್ತೆ ನನ್ನ ಕಡೆ ಕೈ ಚಾಚಿದರೆ ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಅವರು ಮತ್ತೆ ಕರೆಯಲಿಲ್ಲ. ಶಾಲೆಯಲ್ಲಿ ಭೂಪಟ ಬಿಚ್ಚಿದಾಗಲೆಲ್ಲ ಯಾರಾದರೂ, “ಯಾವಾಗ ಹೋಗ್ತೀಯೆ?” ಎಂದು ಕೇಳಿ ನಗುತ್ತಿದ್ದರು.

ಬೇಸಿಗೆ ಬರುವ ಮೊದಲೇ ಅತ್ತೆ ಕೊಲ್ಲಿ ದೇಶದ ಆಸ್ಪತ್ರೆಯೊಂದಕ್ಕೆ ಹೊರಟುಹೋದರು. ನಾನು ಶಾಲೆಯಿಂದ ಬಂದಾಗ ಮೇಲಿನ ಮಹಡಿಯನ್ನು ತೊಳೆದು, ಬಾಗಿಲು ತೆರೆದಿಟ್ಟಿದ್ದರು. ಇಂಗ್ಲೆಂಡಿಗೂ ಹೋಗಲಿಲ್ಲ, ನಮ್ಮಲ್ಲೂ ಇರಲಿಲ್ಲ. ಮೀರಾ ಆ ಬೇಸಿಗೆ ಸ್ಟೇಶನ್ನಿಗೆ ಹೋಗಿರಲಿಕ್ಕಿಲ್ಲ. ಎಷ್ಟೋ ಸಲ ಅಂದುಕೊಂಡಿದ್ದೇನೆ: ಆ ಮರಳುಗಾಡಿನ ಊರಿನಲ್ಲಿ ಮತ್ತಾವುದೋ ಮಗುವಿಗೆ ಅವರು ನನ್ನ ಬನಾರಸನ್ನು ಹೇಳುತ್ತಿರಬಹುದು, ಅದೂ ಎಷ್ಟು ಚೆನ್ನಾಗಿ! ಬಿಟ್ಟುಬಂದ ಮೇಲೆ ಮಾತ್ರ ಅವರಿಗೆ ಊರುಗಳ ಮೇಲೆ, ಜನರ ಮೇಲೆ ಪ್ರೀತಿ ಉಕ್ಕುತ್ತಿತ್ತೇನೋ. ಆ ಪ್ರೀತಿ ಸುಳ್ಳಾಗಿತ್ತೆಂದು ಇವತ್ತಿಗೂ ಹೇಳಲಾರೆ. ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವರು ಹೋದ ಮೇಲೆ ನನಗೆ ಕನ್ನಡದಲ್ಲಿ ಕತೆ ಹೇಳುವವರು ಯಾರೂ ಉಳಿಯಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸತೊಡಗಿದೆ. ಅವಳಿಗೂ ಮೀರಾಳ ವಿಷಯ ಮೊದಲೇ ಗೊತ್ತಿತ್ತಲ್ಲ ಎಂಬ ಸಿಟ್ಟು. ಅದು ಇಳಿಯಲು ಎಷ್ಟೋ ವರ್ಷ ಬೇಕಾಯಿತು. ಈ ಬರಹದ ಕನ್ನಡವನ್ನು ನಾನು ದೊಡ್ಡವಳಾದ ಮೇಲೆ ಅಪ್ಪನ ಪುಸ್ತಕಗಳಿಂದ ಒಂದೊಂದಾಗಿ ಕಲಿತಿದ್ದು.

ಮೊನ್ನೆ ಅಪ್ಪನ ವಿಭಾಗಕ್ಕೆ ಹೊಸದಾಗಿ ಬಂದಿರುವ ಮೇಷ್ಟರೊಬ್ಬರು ಊಟಕ್ಕೆ ಬಂದಿದ್ದರು. ಹೊನ್ನಾವರದವರು. ಶರಾವತಿ ಸಮುದ್ರ ಸೇರುವ ಜಾಗ, ಸಂಜೆ ಮೀನಿನ ದೋಣಿಗಳು ಬರುವ ಹೊತ್ತು, ಸೇತುವೆಯ ಮೇಲೆ ನಿಂತರೆ ಕಾಣುವ ಬೆಳಕು ಎಲ್ಲವನ್ನೂ ಕಣ್ಣು ಅರಳಿಸಿ ಹೇಳುತ್ತಿದ್ದರು. “ನೀವು ಒಂದ್ಸಲ ಬರಲೇಬೇಕು, ನಾನೇ ಎಲ್ಲಾ ತೋರಿಸ್ತೇನೆ,” ಎಂದರು ನನಗೆ.

“ಅಲ್ಲಿ ಯಾರನ್ನ ಬಿಟ್ಟು ಬಂದಿದೀರಿ?” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅವರು ತಬ್ಬಿಬ್ಬಾದರು. “ಯಾರನ್ನೂ ಇಲ್ಲ, ಯಾಕೆ?” ಎಂದು ನಕ್ಕರು. ಅಪ್ಪ ನೀರಿನ ಲೋಟ ಎತ್ತಿಕೊಂಡರು. ಅಮ್ಮ ನನ್ನತ್ತ ಒಮ್ಮೆ ನೋಡಿ, ಮೇಷ್ಟರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವರು ಮತ್ತೆ ತಮ್ಮ ಊರಿನ ಮಾತು ಶುರುಮಾಡಿದರು, ಒಳ್ಳೆಯ ಮನುಷ್ಯ. ನಾನು ಹೂಂಗುಟ್ಟುತ್ತಿದ್ದೆ. ಹಿಂದೆಲ್ಲ ಹೀಗೆ ಯಾರಾದರೂ ಹೇಳುತ್ತಿದ್ದರೆ ಕೂತಲ್ಲಿಂದಲೇ ಆ ಊರಿಗೆ ಹೋಗಿಬಿಡುತ್ತಿದ್ದೆ. ಈಗ ಹೇಳುವವರ ಮುಖವಷ್ಟೇ ಕಾಣಿಸುತ್ತದೆ.