ಕಾಲುವ್ಯಾಗ ಈಜು ಕಲಿಸಿದ ಪಾಸ್ಟರು

ನಮ್ಮ ಮನಿಯವರ ಹೆಸರು ಸಾಲ್ಯಾಗ ಉಚ್ಚೀರಪ್ಪ, ಚರ್ಚಿನ್ಯಾಗ ದಾನಿಯೇಲು. ಇದರಾಗ ಗುಟ್ಟೇನಿಲ್ಲ ಬಿಡ್ರಿ. ತೆಲುಗು ಸೀಮಿ ಕೋಸಗಿ ಕಡೆ ನಮ್ಮ ಕಾಲೊನಿಯೊಳಗ ಮನಿಮನಿಗೂ ಹಿಂಗ ಎರಡೆರಡು ಹೆಸರು. ಕಾಗದದ ಮ್ಯಾಲ ಹಿಂದೂ ಎಸ್ಸಿ, ಆದಿವಾರ ಬ್ಯಾಪ್ಟಿಸ್ಟು. ಕ್ರೈಸ್ತರು ಅಂತ ಬರೆಸಿದ್ರ ರಿಸರ್ವೇಷನ್ ಹೋತು, ಹುಡುಗರ ಹಾಸ್ಟೆಲ್ ಹೋತು. ಅದಕ್ಕ ಯಾರೂ ಬರೆಸಂಗಿಲ್ಲ. ಆಫೀಸಿನವರು ಕೇಳತಿರಲಿಲ್ಲ, ನಾವು ಹೇಳತಿರಲಿಲ್ಲ.

ಇವರೇ ನಮ್ಮ ಚರ್ಚಿನ ಪಾಸ್ಟರು; ಪಾಸ್ಟರ್ ಅಯ್ಯಗಾರು ಅಂದ್ರ ಊರಾಗ ಮರ್ಯಾದಿ ಇತ್ತು. ಮಾತು ಕನ್ನಡದಾಗ, ಪಾಟ ಅಂದ್ರ ಹಾಡು ತೆಲುಗಿನ್ಯಾಗ. ದೀಕ್ಷಾಸ್ನಾನ ಅಂತ ತಲಿಮ್ಯಾಲ ನಾಕು ಹನಿ ಚಿಮುಕಿಸೋದು ನಮ್ಮಲ್ಲಿ ನಡಿಯಂಗಿಲ್ಲರಿ, ಇಡೀ ಮನುಷ್ಯಾನ್ನ ನೀರಾಗ ಮುಳುಗಿಸಿ ಎಬ್ಬಿಸಬೇಕು. ಕಾಲುವಿಗೆ ನೀರು ಬಿಟ್ಟಾಗ ಇವರು ನಡಮಟ ಇಳಿದು ನಿಲ್ಲೋರು. ನಮ್ಮ ಅತ್ತಿ ಹುಲಿಗೆಮ್ಮ ಮಾತ್ರ ಭಾಳ ವರ್ಷ ಸತಾಯಿಸಿದ್ಳು. "ನನಗ ಮಾರೆಮ್ಮ ಸಾಕಪ್ಪ, ನಿನ್ನ ಯೇಸಪ್ಪನ್ನ ನೀ ನೋಡಿಕೋ" ಅಂತಿದ್ಳು. ಕಡೀಕೆ ಮುಪ್ಪಿನ್ಯಾಗ ಒಪ್ಪಿ ಮಗನ ಕೈಯಾಗ ಮುಳುಗೆದ್ಳು. ಅವತ್ತು ಇವರು ಕೂಸಿನಂಗ ಅತ್ತರು. ಯಾರೋ ಅದನ್ನ ಫೋನಿನ್ಯಾಗ ಹಿಡಿದಿದ್ರು.

ಅದಾದ ಮ್ಯಾಲ ನಮ್ಮ ಕಾಲೊನಿ ಬಜಾರಪ್ಪಜ್ಜ ತೀರಿಕೊಂಡ. ಹಳ್ಳದ ದಂಡಿಗೆ ನಾವು ಹೆಣ ಹೂಳತಿದ್ದ ಜಾಗ ಯಾರೋ ರಾತ್ರೋರಾತ್ರಿ ಉತ್ತು, ತಂತಿಬೇಲಿ ಹಾಕಿಬಿಟ್ಟಿದ್ರು. ಹೆಣ ಹೊತ್ತುಕೊಂಡು ತಹಸೀಲ್ದಾರ್ ಆಫೀಸಿನ ಮುಂದ ಬಿಸಿಲಾಗ ಕುಂತಿವಿ. ಒಳಗಿನ ಒಬ್ಬ ನನ್ಮಗನೂ ಹೊರಗ ಬರಲಿಲ್ಲ. ವಾಸನಿ ಬರಾಕ ಹತ್ತಿತು, ರೈಲುಹಳಿ ಮಗ್ಗಲಕ ಗುಂಡಿ ತೋಡಿ ಮುಚ್ಚಿದ್ವಿ. ಇವರು ಪ್ರಾರ್ಥನಿ ಮಾಡುವಾಗ ಗೂಡ್ಸ್ ಗಾಡಿ ಬಂದು ಒಂದು ಮಾತೂ ಕೇಳಲಿಲ್ಲ.

ಮನಿಗೆ ಬಂದ ಮ್ಯಾಲ ಅತ್ತಿ ಮಗನ ಕೈ ಹಿಡಕೊಂಡಳು. ಆಕಿಗೆ ಆಗಲೇ ದಮ್ಮು ಜೋರಿತ್ತು. "ನನ್ನ ಹಳಿ ಮಗ್ಗಲಕ ಹಾಕಬ್ಯಾಡಲೋ. ಒಂದೀಟು ಮಣ್ಣು ನೋಡಿಡು" ಅಂದ್ಳು.

ಆ ಸಲ ಸರ್ಪಂಚ್ ಸೀಟು ಎಸ್ಸಿಗೆ ಬಂದಿತ್ತು. ಇವರು ನಾಮಿನೇಷನ್ ಹಾಕಿದ್ರು. ಪಾಸ್ಟರಿಗೆ ರಾಜಕೀಯ ಯಾಕ ಅಂತ ಚರ್ಚಿನ ಹಿರಿಯರು ಗೊಣಗಿದ್ರು. "ನೀವು ಸತ್ತರ ಎಲ್ಲಿ ಹಾಕಲಿ, ಹೇಳ್ರಿ" ಅಂದ್ರು ಇವರು.

ಎದುರು ನಿಂತವ ಸೋಮೇಶ್. ನಾಮಿನೇಷನ್ ಪರಿಶೀಲನಿ ದಿನ ಆದೋನಿಯಿಂದ ವಕೀಲನ್ನ ಕರಕೊಂಡು ಬಂದ. ಇವ ಕ್ರೈಸ್ತ, ಎಸ್ಸಿ ಸೀಟಿಗೆ ನಿಲ್ಲಾಂಗಿಲ್ಲ ಅಂತ ತಕರಾರು ಹಾಕಿ, ಅದೇ ಕಾಲುವಿ ವಿಡಿಯೋ ಆಫೀಸರ್ ಮುಂದ ಹಿಡದ. ನಾ ಬಾಗಿಲಾಗ ನಿಂತಿದ್ದೆ.

"ಇದು ಏಂ ಮಾಡತಿದ್ದಿ?" ಅಂತ ಆಫೀಸರ್ ಕೇಳಿದ.

ನಮ್ಮವರಿಗೆ ಸುಳ್ಳು ಹೇಳಿ ರೂಢಿ ಇಲ್ಲರಿ. ಹೇಳೋರು ಒಂದು ಚೊಲೋ ಸುಳ್ಳಾದರೂ ಹೇಳಬಾರದಾ! "ನಾ ಹಿಂದೂ ಸಾರ್. ಅದು... ಈಜು ಕಲಿಸ್ತಿದ್ದೆ" ಅಂದ್ರು.

ಸೋಮೇಶ್ ಬಿದ್ದುಬಿದ್ದು ನಕ್ಕ. "ಮುಸಲಿ ತಲ್ಲಿಕಿ ಈತನಾ! ಹಣ್ಣಹಣ್ಣ ಮುದುಕಿಗೆ ಈಜು ಕಲಿಸ್ತಾನಂತ ನೋಡ್ರಿ ಸಾರ್!" ಆಫೀಸರೂ ನಕ್ಕ, ಹೊರಗಿದ್ದ ನಮ್ಮವರೂ ನಕ್ಕರು. ಸರ್ಟಿಫಿಕೇಟ್ ಸರಿ ಐತಿ ಅಂತ ಆಫೀಸರ್ ನಾಮಿನೇಷನ್ ಒಪ್ಪಿದ. ಇವರ ಮಾರಿ ನೋಡಲಿಕ್ಕೆ ನನಗ ಧೈರ್ಯ ಆಗಲಿಲ್ಲ.

ಸುದ್ದಿ ನಮಗಿಂತ ಮೊದಲ ಮನಿ ಮುಟ್ಟಿತ್ತು. ಅತ್ತಿ ಹೊರಸಿನ ಮ್ಯಾಲ ಎದ್ದು ಕುಂತಿದ್ಳು. ಬಯ್ಯಲಿಲ್ಲ, ಅಳಲಿಲ್ಲ. "ನನಗ ಈಜು ಬರಂಗಿಲ್ಲಲ್ಲೋ ಉಚ್ಚೀರ" ಅಂದ್ಳು, ಅಷ್ಟ. ಮುಳುಗೆದ್ದಾಗಿಂದ ದಾನಿಯೇಲು ಅಂತಿದ್ದಾಕಿ ಆ ಹೆಸರಿನಿಂದ ಮಗನ್ನ ಮತ್ತ ಕರೀಲಿಲ್ಲ.

ಇವರು ಗೆದ್ದರು. ಗುಡ್ಡದ ಬುಡಕ ಸರಕಾರಿ ಜಾಗ ಸ್ಮಶಾನಕ್ಕ ಕೊಡಬೇಕಂತ ಪಂಚಾಯ್ತಿಯೊಳಗ ಮೊದಲ ಅದನ್ನ ಪಾಸು ಮಾಡಿಸಿದ್ರು. ಮ್ಯಾಲಿನ ಆರ್ಡರ್ ಮಾತ್ರ ಬರಲಿಲ್ಲ. ಅಷ್ಟರಾಗ ಸೋಮೇಶ್ ಕೋರ್ಟಿಗೆ ಹೋದ. ಇವರು ಪ್ರಾರ್ಥನಿ ಮಾಡಿದ್ದು ಇನ್ನೊಂದು ವಿಡಿಯೋ ಸಿಕ್ಕರ ಸಾಕು, ಸರ್ಪಂಚಗಿರಿ ಹೋಗತೈತಿ, ಜಾಗದ ಮಾತೂ ಮುಳುಗತೈತಿ. ಗ್ವಾಡಿ ಮ್ಯಾಲಿನ ಶಿಲುಬಿ ಇಳಿಸಿ ನನ್ನ ಸೀರಿಗಂಟಿನ್ಯಾಗ ಇಟ್ಟೆ. ಆದಿವಾರ ಪಾಟ ಕೇಳಿಸಿದ್ರ ಇವರು ಎದ್ದು ಹಿತ್ತಲಕ ಹೋಗೋರು. ಚರ್ಚಿಗೆ ಹೊಸ ಪಾಸ್ಟರ್ ಬಂದ.

ಆರ್ಡರ್ ಬರೋಕಿಂತ ಮೊದಲ ಅತ್ತಿ ಹೋದ್ಳು. ಹೊಸ ಪಾಸ್ಟರಿಗೆ ಹೇಳಿ ಕಳಿಸಿದ್ವಿ. "ಯೇಸುನ್ನ ಅಲ್ಲ ಅಂದವರ ಮನಿ ಮಣ್ಣಿಗೆ ಹೋಗಬ್ಯಾಡ ಅಂತ ಚರ್ಚಿನ ಹಿರಿಯರು ಅಂದಾರ, ಕ್ಷಮಿಸಮ್ಮಾ" ಅಂದ. ಸತ್ತಾಕಿ ಏನು ಅಲ್ಲ ಅಂದಿದ್ಳೋ ಮಾರಾಯಾ!

ಗುಡ್ಡದ ಬುಡಕ ಗುಂಡಿ ತೋಡಿದ್ವಿ. ಆರ್ಡರ್ ಇಲ್ಲಂದ್ರೂ ಯಾರೂ ತಡೀಲಿಲ್ಲ. ದೂರದಾಗ ಸೋಮೇಶನ ಕಡೆಯವ ಒಬ್ಬ ಫೋನ್ ಹಿಡಕೊಂಡು ನಿಂತಿದ್ದ. ಹೆಣ ಇಳಿಸಿದ್ರು. ಎಲ್ಲಾರೂ ಇವರ ಕಡೆ ನೋಡಿದ್ರು. ಊರಿನ ಅದೆಷ್ಟು ಹೆಣಕ್ಕ ಪ್ರಾರ್ಥನಿ ಹೇಳಿದ ಬಾಯಿರಿ ಅದು! ತಾಯಿ ಮುಂದ ಮುಚ್ಚಿಕೊಂಡು ನಿಂತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ನಮ್ಮಲ್ಲಿ ಹೆಂಗಸರು ಮಣ್ಣಿನ ಪ್ರಾರ್ಥನಿ ಮಾಡಂಗಿಲ್ಲ, ಆದ್ರ ನಾ ಸೆರಗು ತಲಿಗೆ ಎಳಕೊಂಡು ಮುಂದ ಬಂದೆ. "ತಂದೀ, ಈಕಿ ಭಾಳ ದಣದು ಬಂದಾಳ, ಕರಕೋ" ಅಂತ ಬಾಯಿಗೆ ಬಂದಂಗ ಹೇಳಿದೆ.

ಕಾಲೊನಿ ಅಷ್ಟೂ ಆಮೆನ್ ಅಂತು. ಇವರ ತುಟಿ ಅಲುಗಲಿಲ್ಲ.

ಫೋನಿನವನ್ನ ಬಯ್ಯಬೇಕಂತ ತಿರುಗಿದೆ. ಅವ ಅಲ್ಲಿರಲಿಲ್ಲ. ಹೆಣ ಇಳಿಸುವಾಗಲೇ ಬೈಕ್ ಹತ್ತಿ ಹೋದ ಅಂದ್ರು ಮಂದಿ. ಅವ ಹೋಗಿದ್ದನ್ನ ಇವರೂ ಆಗಲೇ ನೋಡಿದ್ರಂತ.